ಹಬ್ಬದ ದಿನ ತೊಳೆದ ಕಾರು

ಕಳೆದ ತಿಂಗಳು ಜೆ.ಪಿ. ನಗರದ ಒಂದು ಹಳೆ ಕಾರುಗಳ ಅಂಗಡಿಯಲ್ಲಿ ಬೂದು ಬಣ್ಣದ ಕಾರೊಂದರ ಬಾಗಿಲು ತೆಗೆದು ಒಳಗೆ ತಲೆ ಹಾಕಿದೆ. ಮೊದಲು ಮೂಗಿಗೆ ಬಡಿದದ್ದು ಅಂಗಡಿಯವರು ಹೊಡೆದಿದ್ದ ಸೆಂಟಿನ ವಾಸನೆ. ಮಾರುವ ಮುಂಚೆ ಎಲ್ಲ ಹಳೆ ಕಾರುಗಳಿಗೂ ಅದನ್ನೇ ಹೊಡೆಯುತ್ತಾರೆಂದು ಕಾಣುತ್ತದೆ, ಮದುವೆ ಛತ್ರದಲ್ಲಿ ಕೈತೊಳೆಯುವ ಜಾಗದಲ್ಲಿ ಬರುವಂಥ ವಾಸನೆ. ಅದರ ಅಡಿಯಿಂದ, ಸ್ವಲ್ಪ ತಡವಾಗಿ, ಇನ್ನೊಂದು ಬಂತು. ಕರ್ಪೂರ, ಒಣಗಿದ ಸೇವಂತಿಗೆ, ಅರಿಶಿನ... ಹಿಂದಿನ ಮಾಲೀಕರು ಯಾರೋ ಶ್ರದ್ಧೆಯಿಂದ ಪೂಜೆ ಮಾಡಿಕೊಂಡು ಬಂದ ಕಾರು. ಎಸಿ ಗಾಳಿ ಬರುವ ಕಿಂಡಿಯಲ್ಲಿ ಹೂವಿನ ಎಸಳೊಂದು ಸಿಕ್ಕಿಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು.

ನನ್ನ ಗಂಡ ಆಚೆ ನಿಂತು ಟೈರನ್ನು ಕಾಲಿನಿಂದ ಒದ್ದು ನೋಡುತ್ತಿದ್ದರು. ಕಾರು ಕೊಳ್ಳಲು ಹೋದ ಗಂಡಸರೆಲ್ಲ ಟೈರನ್ನು ಯಾಕೆ ಒದೆಯುತ್ತಾರೋ, ಅದರಿಂದ ಅವರಿಗೆ ಏನು ತಿಳಿಯುತ್ತದೋ ನನಗೆ ಇಂದಿಗೂ ಅರ್ಥವಾಗಿಲ್ಲ. ಅಂಗಡಿಯಾತ ನನ್ನ ಕಡೆ ಬಗ್ಗಿ, "ಮೇಡಂ, ಇದಕ್ಕೆ ಥರ್ಡ್ ಪಾರ್ಟಿ ವಾರಂಟಿ ಹಾಕ್ಸಿಬಿಡಿ. ಇಂಜಿನ್, ಗೇರ್‌ಬಾಕ್ಸ್, ಎಲೆಕ್ಟ್ರಿಕಲ್ ಎಲ್ಲಾ ಕವರ್ ಆಗತ್ತೆ" ಎಂದ. ಕಾರು ತಯಾರಿಸಿದವರದ್ದೂ ಅಲ್ಲ, ಮಾರುತ್ತಿರುವವರದ್ದೂ ಅಲ್ಲ, ನಡುವೆ ಇನ್ನೊಂದು ಕಂಪನಿ ದುಡ್ಡು ತೆಗೆದುಕೊಂಡು ಕೊಡುವ ಭರವಸೆ ಅದು. ನನಗೆ ಅವನು ವಿವರಿಸುವ ಅಗತ್ಯವೇ ಇರಲಿಲ್ಲ. ಆ ವಾಸನೆ, ಆ ಮಾತು ಎರಡೂ ಒಟ್ಟಿಗೆ ಬಂದದ್ದೇ ನಾನು ಆ ಕಾರಿನ ಸೀಟಿನ ಮೇಲೆ ಸುಮ್ಮನೆ ಕುಳಿತುಬಿಟ್ಟೆ. ಗಿರಿನಗರದ ಓನರ್ ಆಂಟಿ ನೆನಪಾಗಿದ್ದರು.

ನಾವು ಆಗ ಗಿರಿನಗರದಲ್ಲಿ ಒಂದು ಮನೆಯ ಮೊದಲನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಕೆಳಗೆ ಮನೆಯ ಒಡತಿ. ಬೆಂಗಳೂರಿನಲ್ಲಿ ಬಾಡಿಗೆಗಿರುವವರೆಲ್ಲ ಕರೆಯುವ ಹಾಗೆ ನಾವೂ ಅವರನ್ನು ಓನರ್ ಆಂಟಿ ಎಂದೇ ಕರೆಯುತ್ತಿದ್ದೆವು. ಅವರಿಗೂ ಒಂದು ಹೆಸರಿದೆ ಎಂಬುದು ಕರೆಂಟ್ ಬಿಲ್ ಬಂದಾಗ ಮಾತ್ರ ನೆನಪಾಗುತ್ತಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗಿಡ್ಡಗೆ, ಗುಂಡಗೆ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುವ ಹೆಂಗಸು. ತರಕಾರಿ ಗಾಡಿಯವನ ಹತ್ತಿರ ಜಗಳವಾಡುತ್ತ ನಡುವೆ ನಕ್ಕರೂ ಆ ನಗು ಮೇಲೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ನೀರಿನ ವಿಷಯದಲ್ಲಿ ಮಾತ್ರ ಬಲು ಬಿಗಿ. ನನ್ನ ಗಂಡ ಸ್ಕೂಟರಿಗೆ ಪೈಪ್ ಹಿಡಿದರೆ ಸಾಕು, "ಏನಪ್ಪಾ, ಕಾವೇರಿ ನಿಮ್ಮ ಮಾವನ ಮನೇಲಿ ಹುಟ್ತಾಳಾ?" ಎಂದು ಕಿಟಕಿಯಿಂದ ಕೂಗು ಬರುತ್ತಿತ್ತು.

ಅವರಿಗೆ ಒಬ್ಬಳೇ ಮಗಳು. ಬೀದಿಯವರೆಲ್ಲ ಪುಟ್ಟಿ ಎನ್ನುತ್ತಿದ್ದರು. ವಯಸ್ಸು ಮೂವತ್ತು ದಾಟಿತ್ತು. ಹುಟ್ಟಿನಿಂದಲೇ ಕಾಲುಗಳಲ್ಲಿ ಶಕ್ತಿಯಿರಲಿಲ್ಲ, ಮಾತು ನಿಧಾನ, ಬುದ್ಧಿ ಚಿಕ್ಕ ಮಗುವಿನದು ಎಂದು ಡಾಕ್ಟರು ಹೇಳಿದ್ದರಂತೆ. ಆ ಡಾಕ್ಟರು ಪುಟ್ಟಿಯ ಜೊತೆ ಒಂದು ಸಲವೂ ಚೌಕಾಬಾರ ಆಡಿರಲಿಲ್ಲವೆಂದು ಕಾಣುತ್ತದೆ. ಕವಡೆ ಕೈಗೆ ಬಂದರೆ ಅವಳ ಮುಂದೆ ನಾವು ಯಾರೂ ನಿಲ್ಲುತ್ತಿರಲಿಲ್ಲ. ಮಹಡಿಯ ಮೇಲಿದ್ದ ನನ್ನನ್ನು ಅವಳು 'ಮೇಲಿನಕ್ಕ' ಎನ್ನುತ್ತಿದ್ದಳು. ವಯಸ್ಸಿನಲ್ಲಿ ನಾನು ಅವಳಿಗಿಂತ ಬಹಳ ದೊಡ್ಡವಳೇನಲ್ಲ.

ಪುಟ್ಟಿಯಂಥ ದೊಡ್ಡವರಿಗೆಂದೇ ಜೆ.ಪಿ. ನಗರದ ಆಚೆ ಕೊನೆಯಲ್ಲಿ ಒಂದು ಹಗಲು ಶಾಲೆಯಿತ್ತು. ಆಂಟಿ ಅದನ್ನು ಸೆಂಟರ್ ಎನ್ನುತ್ತಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲಿ ಕಾಗದದ ಕವರು ಮಾಡುತ್ತಿದ್ದರು, ಮಣ್ಣಿನ ಹಣತೆಗೆ ಬಣ್ಣ ಹಚ್ಚುತ್ತಿದ್ದರು, ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತಿದ್ದರು. ಅಲ್ಲಿಗೆ ಹೋಗಲು ಶುರು ಮಾಡಿದ ಮೇಲೆ ಪುಟ್ಟಿ ಬೇರೆಯೇ ಆದಳು. ಅಲ್ಲಿಯವರೆಗೆ ಗೇಟಿನ ಹಿಂದೆ ಗಾಲಿಕುರ್ಚಿಯಲ್ಲಿ ಕೂತು ಬೀದಿ ನೋಡುವುದೇ ಅವಳ ದಿನವಾಗಿತ್ತು. ಈಗ ಅವಳಿಗೊಬ್ಬಳು ಗೆಳತಿ ಸಿಕ್ಕಿದ್ದಳು, ಬಿಟಿಎಂ ಲೇಔಟಿನ ಕಡೆಯವಳು, ಮಾತೇ ಬಾರದವಳು. ಆ ಹುಡುಗಿಯ ಕಣ್ಣು ಕೈ ನೋಡಿ ಅವಳಿಗೆ ಏನು ಬೇಕು ಎಂಬುದು ಪುಟ್ಟಿಗೆ ಮಾತ್ರ ತಿಳಿಯುತ್ತಿತ್ತಂತೆ. ಒಂದು ವಾಕ್ಯ ಹೇಳಲು ಅಷ್ಟು ಹೊತ್ತು ತೆಗೆದುಕೊಳ್ಳುವ ನಮ್ಮ ಪುಟ್ಟಿ ಅಲ್ಲಿ ಇನ್ನೊಬ್ಬಳ ಪರವಾಗಿ ಮಾತಾಡುವವಳಾಗಿದ್ದಳು. ಆಂಟಿ ಇದನ್ನು ನನಗೆ ಎಷ್ಟು ಸಲ ಹೇಳಿದರೂ ಅವರಿಗೆ ಸಾಲುತ್ತಿರಲಿಲ್ಲ.

ಕಷ್ಟ ಇದ್ದದ್ದು ಹೋಗಿ ಬರುವುದರಲ್ಲಿ. ಸೆಂಟರಿನ ವ್ಯಾನು ನಮ್ಮ ಕಡೆ ಬರುತ್ತಿರಲಿಲ್ಲ. ಆಟೋದವರು ಗಾಲಿಕುರ್ಚಿ ಕಂಡರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕ್ಯಾಬ್ ಬುಕ್ ಮಾಡಿದರೆ ಡಿಕ್ಕಿಯ ತುಂಬ ಗ್ಯಾಸ್ ಸಿಲಿಂಡರು, ಕುರ್ಚಿ ಇಡಲು ಜಾಗವಿಲ್ಲ. ಡ್ರೈವರ್ ತಾನೇ ಕ್ಯಾನ್ಸಲ್ ಮಾಡಿ, "ಬೇರೆದು ನೋಡ್ಕೊಳಿ ಮೇಡಂ" ಎನ್ನುತ್ತಿದ್ದ. ವಾರದಲ್ಲಿ ಅರ್ಧ ದಿನ ಪುಟ್ಟಿ ರೆಡಿಯಾಗಿ, ಊಟದ ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಗೇಟಿನಿಂದಲೇ ವಾಪಸ್ ಒಳಗೆ ಹೋಗುತ್ತಿದ್ದಳು.

ಅರವತ್ತು ದಾಟಿದ್ದ ಆಂಟಿ ಒಂದು ದಿನ ಯಾರಿಗೂ ಹೇಳದೆ ಕೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿಬಿಟ್ಟರು. ಬೀದಿಯಲ್ಲಿ ದೊಡ್ಡ ಸುದ್ದಿ. ಅವರು ಎಲ್ ಬೋರ್ಡಿನ ಕಾರಿನಲ್ಲಿ ಬರುವ ಹೊತ್ತಿಗೆ ಎದುರುಮನೆಯವರು ತಮ್ಮ ಕಾರನ್ನು ಕಾಂಪೌಂಡಿನ ಒಳಗೆ ಸೇರಿಸುತ್ತಿದ್ದರು, ನಾಯಿಯನ್ನೂ ಒಳಗೆ ಕರೆದುಕೊಳ್ಳುತ್ತಿದ್ದರು. ಆಂಟಿ ಅದನ್ನು ನೋಡಿ ಕಿಟಕಿಯಿಂದ ಕೈಬೀಸಿ ನಗುತ್ತಿದ್ದರು. ಲೈಸೆನ್ಸ್ ಬಂತು. ನಿವೃತ್ತಿಯಾದಾಗ ಬಂದಿದ್ದ ಹಣದಲ್ಲಿ ಪುಟ್ಟಿಯ ಹೆಸರಿಗೆ ಬ್ಯಾಂಕಿನಲ್ಲಿ ಇಟ್ಟದ್ದನ್ನು ಮುಟ್ಟದೆ ಉಳಿದದ್ದರಲ್ಲಿ ಒಂದು ಕೆಂಪು ಕಾರು ತಂದರು. ಹಳೆಯದು, ಆದರೆ ಡಿಕ್ಕಿ ದೊಡ್ಡದು. ಕುರ್ಚಿ ಮಡಚಿ ಇಟ್ಟರೆ ಸಲೀಸಾಗಿ ಹಿಡಿಸುತ್ತಿತ್ತು. ಕಾರಿನ ಬಣ್ಣ, ಮೈಲೇಜು ಯಾವುದನ್ನೂ ಅವರು ಕೇಳಿರಲಿಲ್ಲವಂತೆ. ಅಂಗಡಿಗೆ ಗಾಲಿಕುರ್ಚಿ ತೆಗೆದುಕೊಂಡು ಹೋಗಿ ಒಂದೊಂದೇ ಕಾರಿನ ಡಿಕ್ಕಿಯಲ್ಲಿ ಇಟ್ಟು ನೋಡಿದ್ದರು.

ಆ ಅಂಗಡಿಯವನೇ ಅವರಿಗೆ ವಾರಂಟಿಯನ್ನೂ ಮಾರಿದ್ದ. ಹಳೆ ಕಾರು, ನಡುದಾರಿಯಲ್ಲಿ ಕೈಕೊಟ್ಟರೆ ಪುಟ್ಟಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ ಎಂಬುದೊಂದೇ ಆಂಟಿಯ ಭಯ. ಆ ಭಯಕ್ಕೆ ಅವನು ಔಷಧಿ ಕೊಟ್ಟ. ಇಂಜಿನ್ ಕೆಟ್ಟರೂ ಕಂಪನಿಯವರೇ ಬಂದು ಎತ್ತಿಕೊಂಡು ಹೋಗಿ ರಿಪೇರಿ ಮಾಡಿಸುತ್ತಾರೆ ಎಂದ. ಒಂದು ಮಿರಿಮಿರಿ ಮಿಂಚುವ ಕಾರ್ಡು ಕೊಟ್ಟ, ಅದರ ಮೇಲೆ ಹಲ್ಲು ಕಿರಿಯುತ್ತಿರುವ ಒಂದು ಸಂಸಾರದ ಚಿತ್ರ. ಷರತ್ತುಗಳು ಎಲ್ಲಿವೆ ಎಂದು ನಾನು ಆಮೇಲೆ ಕೇಳಿದಾಗ ಆಂಟಿ, "ಅದೆಲ್ಲ ಮೇಲ್‌ಗೆ ಬರುತ್ತೆ ಅಂದ್ನಮ್ಮ" ಎಂದರು. ಅವರಿಗೆ ಮೇಲ್ ಇರಲಿಲ್ಲ. ಅವನೇ ತನಗೆ ತೋಚಿದ ವಿಳಾಸ ಹಾಕಿಕೊಂಡಿದ್ದ. ಕಾರ್ಡನ್ನು ಆಂಟಿ ದೇವರ ಮನೆಯಲ್ಲಿ, ಬನಶಂಕರಿ ಅಮ್ಮನ ಪಟದ ಪಕ್ಕ ಒರಗಿಸಿ ಇಟ್ಟಿದ್ದರು. ದಿನಾ ಬೆಳಿಗ್ಗೆ ಅದಕ್ಕೂ ಒಂದು ಹೂವು ಸಿಗುತ್ತಿತ್ತು.

ಕೆಲವು ತಿಂಗಳು ಎಷ್ಟು ಚೆನ್ನಾಗಿದ್ದವು... ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಕೆಳಗೆ ಹಾರನ್ನು ಕೇಳುತ್ತಿತ್ತು. ಆಂಟಿ ಎರಡು ಕೈಯಲ್ಲೂ ಸ್ಟೀರಿಂಗ್ ಅಪ್ಪಿಕೊಂಡು, ಮುಂದಕ್ಕೆ ಬಗ್ಗಿ, ಸೈಕಲ್ಲಿನವರಿಗೂ ದಾರಿ ಬಿಡುತ್ತ ಹೋಗುವರು. ಪಕ್ಕದಲ್ಲಿ ಪುಟ್ಟಿ, ಕಿಟಕಿಯಿಂದ ಬೀದಿಗೆಲ್ಲ ಮಂತ್ರಿಗಳ ಹಾಗೆ ಕೈಬೀಸಿಕೊಂಡು. ಸಂಜೆ ವಾಪಸ್ ಬರುವಾಗ ಹೊಸಕೆರೆಹಳ್ಳಿಯ ಕಡೆ ಒಂದು ಸುತ್ತು ಹಾಕಿ, ಕಾರಿನಲ್ಲೇ ಕೂತು ಬೇಲ್‌ಪುರಿ ತಿಂದು ಬರುತ್ತಿದ್ದರು. ಮೂವತ್ತು ವರ್ಷ ಬಾಕಿಯಿದ್ದ ತಿರುಗಾಟವನ್ನೆಲ್ಲ ತೀರಿಸಿಕೊಳ್ಳುತ್ತಿದ್ದರು ಅನ್ನಿ.

ಆಯುಧಪೂಜೆ ಬಂತು. ಕಾರು ಬಂದ ಮೇಲೆ ಮೊದಲನೆಯದು. ಆಂಟಿಯ ತಂದೆ ಲಾರಿ ಓಡಿಸುತ್ತಿದ್ದವರಂತೆ. ಹಬ್ಬದ ದಿನ ಅವರು ಲಾರಿಯ ಮೂತಿ ಎತ್ತಿ, ಇಂಜಿನ್ನಿಗೆ ಬಕೆಟ್ಟುಗಟ್ಟಲೆ ನೀರು ಹೊಯ್ದು, ಬ್ರಷ್ಷು ಹಿಡಿದು ಉಜ್ಜಿ, ಒರೆಸಿ, ವಿಭೂತಿ ಪಟ್ಟೆ ಎಳೆದು ಕುಂಕುಮ ಇಡುತ್ತಿದ್ದರಂತೆ. ದುಡಿಯುವುದು ಒಳಗಿನದ್ದು, ಸ್ನಾನ ಅದಕ್ಕೆ ಆಗಬೇಕು ಎನ್ನುವುದು ಆ ಮನೆಯ ಪದ್ಧತಿ. ಆ ಕಾಲದ ಲಾರಿಗಳ ಇಂಜಿನ್ನು ನೀರಿಗೆ ಹೆದರುತ್ತಿರಲಿಲ್ಲ. ಅದು ಕಬ್ಬಿಣ, ಎಣ್ಣೆ, ಬೆಂಕಿಯ ವ್ಯವಹಾರ. ಈಗಿನ ಕಾರಿನ ಬಾನೆಟ್ಟಿನ ಕೆಳಗೆ ಒಂದು ಕಂಪ್ಯೂಟರ್ ಡಬ್ಬಿ ಕೂತಿರುತ್ತದೆ, ಫ್ಯೂಸುಗಳ ಪೆಟ್ಟಿಗೆ ಇರುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ವರ್ಷವಿಡೀ ಚೊಂಬು ನೀರಿಗೂ ಲೆಕ್ಕ ಕೇಳುವ ಆಂಟಿ ಅಂದು ಮೋಟರ್ ಹಾಕಿ ಪೈಪ್ ಬಿಟ್ಟರು. ಬಾನೆಟ್ ಎತ್ತಿ, ಸೆರಗು ಬಿಗಿದು, ಮಗುವಿಗೆ ಎಣ್ಣೆನೀರು ಹಾಕುವಷ್ಟು ಮುತುವರ್ಜಿಯಿಂದ ಇಂಜಿನ್ನಿಗೆ ನೀರು ಹೊಡೆದರು. ಮುಚ್ಚಳಗಳನ್ನೆಲ್ಲ ತೆಗೆದು ಸಂದಿಗೊಂದಿಯ ಧೂಳು ಒರೆಸಿದರು. ಕೊನೆಗೆ ಮಾವಿನೆಲೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಳಗೆಲ್ಲ ಚಿಮುಕಿಸಿದರು. ಬೀದಿಯವರೆಲ್ಲ ನಿಂತು ನೋಡಿದೆವು. ಬಾಳೆಕಂದು ಕಟ್ಟಿದ್ದಾಯಿತು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು, ಬೂದುಗುಂಬಳ ಒಡೆದದ್ದಾಯಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಪುಟ್ಟಿಗೂ ಸೇರಿಸಿ ಆರತಿ ಎತ್ತಿದರು. ಅವಳು ನಾಚಿ ಮುಖ ಮುಚ್ಚಿಕೊಂಡಳು. ಆಮೇಲೆ ಎಲ್ಲರಿಗೂ ಕಡ್ಲೆಪುರಿ, ಬರ್ಫಿ. ಅಂಥ ಹಬ್ಬ ನಾನು ಆ ಬೀದಿಯಲ್ಲಿ ಮತ್ತೆ ನೋಡಲಿಲ್ಲ.

ಹಬ್ಬದ ರಜೆ ಮುಗಿದು ಸೆಂಟರ್ ತೆರೆದ ದಿನ, ಕತ್ತರಿಗುಪ್ಪೆಯ ಸಿಗ್ನಲ್ಲಿನಲ್ಲಿ ಕಾರು ನಿಂತುಹೋಯಿತು. ಮೀಟರಿನ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡು ಆರಿಹೋದವಂತೆ. ಹಿಂದಿನಿಂದ ಹಾರನ್ನು, ಬೈಗುಳ. ಯಾರೋ ಇಬ್ಬರು ಬೈಕಿನವರು ತಳ್ಳಿ ಪಕ್ಕಕ್ಕೆ ಹಾಕಿಕೊಟ್ಟರು. ಗ್ಯಾರೇಜಿನವರು ನೋಡಿ, ಕಂಪ್ಯೂಟರ್ ಡಬ್ಬಿ ಸುಟ್ಟಿದೆ, ಅದರ ಜೊತೆಗೆ ವೈರಿಂಗೂ ಹೋಗಿದೆ ಎಂದರು. ಖರ್ಚು ಕೇಳಿದರೆ ಕಾರು ಕೊಂಡ ಬೆಲೆಯ ಹತ್ತಿರಕ್ಕೇ ಹೋಗುತ್ತಿತ್ತು. ಆಂಟಿ ಸ್ವಲ್ಪವೂ ಗಾಬರಿಯಾಗಲಿಲ್ಲ. "ವಾರಂಟಿ ಇದೆಯಲ್ಲಪ್ಪ" ಎಂದು ಗ್ಯಾರೇಜಿನವರಿಗೇ ಧೈರ್ಯ ಹೇಳಿ, ಕಾರನ್ನು ಎಳೆಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದರು. ದೇವರ ಮನೆಯಿಂದ ಕಾರ್ಡು ತಂದು ನನ್ನ ಕೈಗೆ ಕೊಟ್ಟರು. "ನೀನು ಓದಿದೋಳು, ನೀನೇ ಮಾತಾಡಮ್ಮ."

ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಕರಾರು ಕಾಯಿದೆ ಪಾಠ ಮಾಡುವವಳು ನಾನು. ಕರಾರು ಎಂದರೇನು, ಇಬ್ಬರ ಮನಸ್ಸೂ ಒಂದೇ ಅರ್ಥದಲ್ಲಿ ಹೇಗೆ ಕೂಡಬೇಕು ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಆ ಪಾಠವೆಲ್ಲ ಹೆಲ್ಪ್‌ಲೈನಿನ ಸಂಗೀತದ ಮುಂದೆ ನೀರಾಗಿ ಹೋಯಿತು. ಕನ್ನಡಕ್ಕೆ ಒಂದು ಅಂಕಿ ಒತ್ತಿ ಎಂದಿತು, ಒತ್ತಿದೆ. ಹಿಂದಿಯವರು ಬಂದರು. ಅವರು ನನ್ನ ಮಾತು ಬರೆದುಕೊಂಡು ಕ್ಷಮೆ ಕೇಳಿದರು. ಮರುದಿನ ಇನ್ನೊಬ್ಬರು ಮೊದಲಿನಿಂದ ಬರೆದುಕೊಂಡು ಅವರೂ ಕ್ಷಮೆ ಕೇಳಿದರು. ಕಾರು ಮಾರಿದ ಅಂಗಡಿಗೆ ಹೋದರೆ, "ಅದು ಬೇರೆ ಕಂಪನಿ ಮೇಡಂ, ನಾವು ಮಧ್ಯದಲ್ಲಿ ಕೊಡಿಸಿದ್ದು ಅಷ್ಟೇ" ಎಂದರು. ಕಾರು ತಯಾರಿಸಿದ ಕಂಪನಿಯ ಸರ್ವೀಸ್ ಸೆಂಟರಿನವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ನಮ್ಮದಲ್ಲ ಎಂದು ವಾಪಸ್ ಕೊಟ್ಟರು. ಎಲ್ಲರೂ ಮರ್ಯಾದಸ್ಥರು. ಒಬ್ಬರಾದರೂ ಒರಟಾಗಿ ಮಾತಾಡಿದ್ದರೆ ಜಗಳವಾಡಿ ಮನಸ್ಸಾದರೂ ಹಗುರ ಮಾಡಿಕೊಳ್ಳುತ್ತಿದ್ದೆ.

ಕೊನೆಗೆ ವಾರಂಟಿ ಕಂಪನಿಯಿಂದ ಇನ್ಸ್‌ಪೆಕ್ಟರ್ ಒಬ್ಬ ಬಂದ. ಮಂಡ್ಯದ ಕಡೆಯ ಮಾತು, ಒಳ್ಳೆಯ ಮುಖ. ಕಾರಿನ ಬಾನೆಟ್ಟಿನ ಮೇಲೆ ಕುಂಕುಮದ ಬೊಟ್ಟು ಇನ್ನೂ ಹಾಗೇ ಇತ್ತು. ಬಾನೆಟ್ ಎತ್ತುವ ಮೊದಲು ಅವನು ಯೋಚಿಸದೆಯೇ ಆ ಬೊಟ್ಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನನಗೆ ಅದನ್ನು ನೋಡಿ ಧೈರ್ಯ ಬಂತು. ನಮ್ಮವನೇ, ಏನಾದರೂ ಮಾಡುತ್ತಾನೆ ಎಂದುಕೊಂಡೆ. ಅವನು ಫ್ಯೂಸಿನ ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ, ಸಣ್ಣ ಸಣ್ಣ ಫ್ಯೂಸುಗಳ ನಡುವೆ, ಅರಿಶಿನ ಒಣಗಿ ಗಟ್ಟಿಯಾಗಿ ಕೂತಿತ್ತು.

"ಆಂಟಿ, ನೀರು ಏನಾದ್ರೂ ಹಾಕಿದ್ರಾ?"

ನಾನು ಹಿಂದಿನಿಂದ ಕಣ್ಸನ್ನೆ ಮಾಡಿದೆ. ಆಂಟಿ ನೋಡಲೇ ಇಲ್ಲ. ಕೊರಳು ಎತ್ತಿ, "ಹಾಕದೇ ಇರ್ತೀವಾ? ಹಬ್ಬ ಅಲ್ವೇನಪ್ಪಾ? ನಾನೇ ಕೈಯಾರೆ ತೊಳೆದಿದ್ದು" ಎಂದರು. ಕಾರನ್ನು ಹೇಗೆ ನೋಡಿಕೊಂಡಿದ್ದೀರಿ ಎಂದು ಅವನು ಪರೀಕ್ಷೆ ಮಾಡುತ್ತಿದ್ದಾನೆ, ತಾವು ಪಾಸಾಗಬೇಕು ಎಂದು ಅವರು ತಿಳಿದುಕೊಂಡಿದ್ದರು.

ಇನ್ಸ್‌ಪೆಕ್ಟರ್ ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ಹಾಕಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಮಳೆ ನೀರು ಅಂತ ಬರೆದ್ರೂ 'ನೀರು ಹೋದ್ರೆ ವಾರಂಟಿ ಇಲ್ಲ' ಅನ್ನೋ ಅದೇ ಷರತ್ತಲ್ಲೇ ಬೀಳ್ತದೆ ಮೇಡಂ. ನಾನೂ ನನ್ನ ಬೈಕ್‌ನ ಹಿಂಗೇ ತೊಳೆದಿದೀನಿ. ಏನ್ ಮಾಡ್ಲಿ, ಮುಚ್ಚಳ ತೆಗ್ದಾಗಲೇ ಫೋಟೋ ಆಫೀಸ್‌ಗೆ ಹೋಗಾಯ್ತು" ಎಂದ. ಅವನ ಮುಖದಲ್ಲಿ ನಿಜವಾಗಿಯೂ ಸಂಕಟವಿತ್ತು. ಆಂಟಿ ಅವನಿಗೆ ಕಾಫಿ ಕೊಟ್ಟರು, ಹಬ್ಬದ ಬರ್ಫಿ ಉಳಿದದ್ದನ್ನೂ ಕೊಟ್ಟರು. ಅವನು ಬೇಡ ಎನ್ನಲಾರದೆ ತಿಂದು, ತಲೆ ತಗ್ಗಿಸಿಕೊಂಡು ಹೋದ.

ಉತ್ತರ ನನ್ನ ಫೋನಿಗೆ ಬಂತು. ಮಾಲೀಕರ ಕ್ರಿಯೆಯಿಂದ ನೀರು ಮತ್ತು ಹೊರಗಿನ ಪದಾರ್ಥ ಒಳಗೆ ಸೇರಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಇತ್ತು. ನಾನು ಅದನ್ನು ಆಂಟಿಗೆ ಕನ್ನಡದಲ್ಲಿ ಓದಿ ಹೇಳಿದೆ. ಆ ದಿನದ ಆ ಕೆಲಸ ಬೇರೆ ಯಾರಿಗಾದರೂ ಬಂದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

"ಹೊರಗಿನ ಪದಾರ್ಥ ಅಂದ್ರೆ ಏನಮ್ಮ?"

"ಅರಿಶಿನ, ಆಂಟಿ."

ಅವರು ನಕ್ಕರು. ಎಂದಿನ ದೊಡ್ಡ ನಗು. "ಅರಿಶಿನಾನ? ಪಾಪ, ಅವರಿಗೆ ಗೊತ್ತಿಲ್ಲ ಬಿಡು" ಎಂದರು. ನಗು ನಿಂತ ಮೇಲೆ ಕೆಳಗೆ ನೋಡಿಕೊಂಡು, "ನನ್ನ ಕೈಯಾರೆ ನಾನೇ ಮಾಡಿದ್ದಲ್ವೇನಮ್ಮ..." ಎಂದರು. ಹಾಗಲ್ಲ ಆಂಟಿ, ಅಂಥ ಷರತ್ತು ಇದ್ದರೆ ಮಾರುವಾಗಲೇ ಅವರು ಹೇಳಬೇಕಿತ್ತು, ಗ್ರಾಹಕರ ಕೋರ್ಟಿಗೆ ಹೋಗೋಣ, ನಾನು ಬರೆದುಕೊಡುತ್ತೇನೆ ಎಂದೆಲ್ಲ ನಾನು ಒಂದೇ ಉಸಿರಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ಪುಟ್ಟಿ ಸೋಮವಾರ ಸೆಂಟರಿಗೆ ಹೋಗ್ಬೇಕು. ಕೋರ್ಟಲ್ಲಿ ಯಾವತ್ತು ಆಗತ್ತೆ?" ಎಂದರು. ಆದರೂ ದೂರು ಕೊಟ್ಟೆವು. ಅದು ತಾರೀಖಿನಿಂದ ತಾರೀಖಿಗೆ ಹೋಗುತ್ತಲೇ ಇತ್ತು.

ರಿಪೇರಿಗೆ ನಾವೆಲ್ಲ ಸೇರಿ ಕೊಡುತ್ತೇವೆ ಎಂದರೆ ಆಂಟಿ ಒಪ್ಪಲಿಲ್ಲ. ಬ್ಯಾಂಕಿನಲ್ಲಿದ್ದ ಪುಟ್ಟಿಯ ಹಣವನ್ನು ಮುರಿಸಿ ಎಂದರೆ, "ನಾನು ಹೋದ್ಮೇಲೆ ಅವಳಿಗೆ ಅದೇ ನಾನು" ಎಂದು ಬಾಯಿ ಮುಚ್ಚಿಸಿದರು. ಮತ್ತೆ ಆಟೋ, ಕ್ಯಾಬು, ಗೇಟಿನಿಂದ ವಾಪಸ್. ನನ್ನ ಗಂಡ ಆಗೊಮ್ಮೆ ಈಗೊಮ್ಮೆ ಆಫೀಸಿಗೆ ತಡವಾಗಿ ಹೋಗಿ, ಗೆಳೆಯರ ಕಾರು ಕೇಳಿ ತಂದು ಬಿಟ್ಟು ಬಂದರು. ಹೀಗೆ ಎಷ್ಟು ದಿನ ನಡೆದೀತು? ಸೆಂಟರಿನಲ್ಲಿ ಇದ್ದದ್ದೇ ಕೆಲವು ಜಾಗ, ಕಾಯುತ್ತಿದ್ದವರು ಬಹಳ. ಅಲ್ಲಿನ ಮೇಡಂ ಫೋನು ಮಾಡಿ, ಬಹಳ ಬೇಜಾರು ಮಾಡಿಕೊಂಡು, ಪುಟ್ಟಿಯ ಜಾಗವನ್ನು ಬೇರೆಯವರಿಗೆ ಕೊಡಬೇಕಾಗಿದೆ ಎಂದರು. ಅವರ ತಪ್ಪೂ ಇರಲಿಲ್ಲ. ಈ ಕಥೆಯಲ್ಲಿ ಯಾರನ್ನು ಹಿಡಿದು ಕೇಳಬೇಕೋ ಅವರು ಮಾತ್ರ ಎಲ್ಲಿಯೂ ಸಿಗಲಿಲ್ಲ.

ಆಂಟಿ ಪುಟ್ಟಿಗೆ ರಜೆ ಎಂದು ಹೇಳಿದರು. ರಜೆ ಎಷ್ಟು ದಿನ ನಂಬುತ್ತಾಳೆ? ಒಂದು ದಿನ ನನ್ನ ಕೈ ಹಿಡಿದುಕೊಂಡು, ತನ್ನ ಗೆಳತಿಯ ವಿಷಯ ತೆಗೆದು, "ಅವಳಿಗೆ ನೀರು ಬೇಕು ಅಂತ ಯಾರ್ ಹೇಳ್ತಾರೆ ಮೇಲಿನಕ್ಕ?" ಎಂದು ಕೇಳಿದಳು. ನಾನು ಏನೋ ಹೇಳಿ ಮಾತು ಮರೆಸಿದೆ. ಏನು ಹೇಳಿದೆನೋ ನೆನಪಿಲ್ಲ...

ಆಮೇಲೆ ಬೆಳಿಗ್ಗೆ ಹೊತ್ತು ಒಂದು ಹೊಸ ಅಭ್ಯಾಸ ಶುರುವಾಯಿತು. ಪುಟ್ಟಿ ಸ್ನಾನ ಮಾಡಿ, ತಲೆ ಬಾಚಿಸಿಕೊಂಡು, ಕಾರಿನಲ್ಲಿ ಕೂರಿಸು ಎಂದು ಹಟ ಹಿಡಿಯುತ್ತಿದ್ದಳು. ಆಂಟಿ ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ತಾವು ಸ್ಟೀರಿಂಗಿನ ಮುಂದೆ ಕೂರುವರು. ಕಾರು ನಿಂತಲ್ಲೇ ನಿಂತಿರುತ್ತಿತ್ತು. ತಾಯಿ ಮಗಳು ಗಾಜಿನಾಚೆ ಬೀದಿ ನೋಡುತ್ತ ಏನೋ ಮಾತಾಡಿಕೊಳ್ಳುತ್ತಿದ್ದರು. ಕೆಲವು ಸಲ ಪುಟ್ಟಿ ಕೈಬೀಸುತ್ತಿದ್ದಳು. ನಾವೂ ಬೀಸುತ್ತಿದ್ದೆವು. ಬೇರೆ ಏನು ಮಾಡಬೇಕೆಂದು ಬೀದಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬಿಸಿಲು ಏರಿದಾಗ ಆಂಟಿ ಇಳಿದು ಬಂದು, ಆ ಕಡೆಯ ಬಾಗಿಲು ತೆಗೆದು, "ಬಾ, ಬಂದ್ವಿ" ಎಂದು ಮಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಮಹಡಿಯ ಕಿಟಕಿಯಿಂದ ಅದನ್ನು ನೋಡಲಾರದೆ ನಾನು ಒಳಗೆ ಹೋಗುತ್ತಿದ್ದೆ. ಆಂಟಿ ಮಾತ್ರ ಮೆಟ್ಟಿಲ ಬಳಿ ಸಿಕ್ಕಾಗ, "ಪೆಟ್ರೋಲ್ ಖರ್ಚಿಲ್ಲದ ಟೂರು ನಮ್ಮದು" ಎಂದು ನಗುತ್ತಿದ್ದರು. ನನ್ನ ಮುಂದೆಯಾಗಲಿ ಬೀದಿಯವರ ಮುಂದೆಯಾಗಲಿ ಅವರು ಮುಖ ಸಣ್ಣದು ಮಾಡಿದ್ದನ್ನು ನಾನು ನೋಡಲಿಲ್ಲ. ಎಷ್ಟು ಗಟ್ಟಿ ಹೆಂಗಸು ಎಂದು ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು.

ಟೈರುಗಳ ಗಾಳಿ ಇಳಿದು, ಕಾರಿನ ಮೇಲೆ ಹೊಂಗೆ ಎಲೆ ಬಿದ್ದು ಕೊಳೆಯತೊಡಗಿದ ಮೇಲೆ ಯಾರೋ ಗುಜರಿಯವರು ಬಂದು ಎಳೆದುಕೊಂಡು ಹೋದರು. ನಾವು ಉತ್ತರಹಳ್ಳಿಯ ಕಡೆ ಸ್ವಂತ ಫ್ಲಾಟಿಗೆ ಬಂದೆವು. ಹಬ್ಬಹರಿದಿನಕ್ಕೆ ಹೋಗಿ ಬರುತ್ತಿದ್ದೆವು, ಆಮೇಲೆ ಅದೂ ಕಡಿಮೆಯಾಯಿತು. ಒಂದು ಬೆಳಿಗ್ಗೆ ಎದುರುಮನೆಯವರು ಫೋನು ಮಾಡಿ ಆಂಟಿ ಹೋದರು ಎಂದರು. ಎದೆನೋವು, ಆಸ್ಪತ್ರೆ ತಲುಪುವಷ್ಟು ಹೊತ್ತೂ ಸಿಗಲಿಲ್ಲವಂತೆ. ದೂರು ಇನ್ನೂ ಕೋರ್ಟಿನಲ್ಲೇ ಇತ್ತು. ಆಂಟಿಯ ತಮ್ಮ ಬಂದು ಮನೆ ಮಾರಿ, ಆ ಹಣವನ್ನೂ ಸೇರಿಸಿ ಪುಟ್ಟಿಯ ಹೆಸರಿಗೆ ಇಟ್ಟು, ಅವಳನ್ನು ಕನಕಪುರ ರಸ್ತೆಯಾಚೆ ಒಂದು ಆಶ್ರಮದಂಥ ಜಾಗಕ್ಕೆ ಸೇರಿಸಿದರು. ಒಳ್ಳೆಯ ಜಾಗ, ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ತಾಯಿ ಇಲ್ಲ ಎಂಬುದನ್ನು ಪುಟ್ಟಿ ಎಷ್ಟು ತಿಳಿದುಕೊಂಡಿದ್ದಾಳೆ ಎಂದು ಅಲ್ಲಿಯವರನ್ನು ಕೇಳಿದ್ದೆ. ಒಂದೊಂದು ದಿನ ತಿಳಿದಿರುತ್ತದೆ, ಒಂದೊಂದು ದಿನ ಇಲ್ಲ ಎಂದಿದ್ದರು.

ನಾವು ಕೊನೆಗೆ ಆ ಬೂದು ಬಣ್ಣದ ಕಾರನ್ನೇ ಕೊಂಡೆವು. ವಾರಂಟಿ ತೆಗೆದುಕೊಂಡಿರಾ ಎಂದು ನೀವು ಕೇಳಬಹುದು. ತೆಗೆದುಕೊಂಡೆವು. ಷರತ್ತುಗಳನ್ನೆಲ್ಲ ತರಿಸಿಕೊಂಡು ಓದಿದೆ. ನೀರಿನ ಷರತ್ತು ಅದರಲ್ಲಿಯೂ ಇತ್ತು, ಕಾಳಿನಷ್ಟು ಸಣ್ಣ ಅಕ್ಷರದಲ್ಲಿ. ಇಷ್ಟೆಲ್ಲ ನೋಡಿದವಳಾಗಿಯೂ ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ. ಹಳೆ ಕಾರು, ನಡುದಾರಿಯಲ್ಲಿ ಕೈಕೊಟ್ಟರೆ ಎಂಬ ಭಯ ನನ್ನನ್ನೂ ಬಿಡಲಿಲ್ಲ.

ಹೋದ ಭಾನುವಾರ ಕಾರು ತೆಗೆದುಕೊಂಡು ಪುಟ್ಟಿಯನ್ನು ನೋಡಲು ಹೋದೆವು. ಒಂದು ಸುತ್ತು ಕರೆದುಕೊಂಡು ಹೋಗಿ ಬರುತ್ತೇವೆ ಎಂದು ಮೊದಲೇ ಅಲ್ಲಿಯವರನ್ನು ಕೇಳಿದ್ದೆ. ಅವಳ ತಲೆಗೂದಲು ಅರ್ಧ ಬೆಳ್ಳಗಾಗಿದೆ. ಗಾಲಿಕುರ್ಚಿಯನ್ನು ಗೇಟಿನ ಹತ್ತಿರ ತಂದು ನಿಲ್ಲಿಸಿದರು. ನನ್ನನ್ನು ಗುರುತು ಹಿಡಿದಳು. ಕಾರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈಚಾಚಿ ಬಾನೆಟ್ಟನ್ನು ಮುಟ್ಟಿ, ಹತ್ತಿರ ಬಾ ಎಂದು ನನಗೆ ಸನ್ನೆ ಮಾಡಿದಳು. ನಾನು ಬಗ್ಗಿದೆ.

"ಮೇಲಿನಕ್ಕ, ಇದನ್ನ ತೊಳೀಬೇಡ" ಎಂದಳು, ಒಂದೊಂದೇ ಮಾತು ಬಿಡಿಸಿ, ಬೇರೆ ಯಾರಿಗೂ ಕೇಳಿಸದ ಹಾಗೆ. "ಅಮ್ಮ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಅಳ್ತಾಳೆ. ದಿನಾ ಅಳ್ತಾಳೆ."

ತೊಳೆಯುವುದಿಲ್ಲ ಪುಟ್ಟಿ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಇನ್ನೂ ಏನಾದರೂ ಹೇಳುತ್ತೇನೆಂದು ಕಾಯುವವಳ ಹಾಗೆ. ನಾನು ಕಾರಿನ ಮುಂದಿನ ಬಾಗಿಲು ತೆಗೆದೆ.